ಸಾಣೆಯವಳ ಹೆಬ್ಬೆರಳು

ಆ ಊರಿನ ಹೆಸರು ಕೇಳಬೇಡಿ. ಹೇಳಿಬಿಟ್ಟರೆ, ಸದ್ಯ ನಮ್ಮೂರಲ್ಲವಲ್ಲ ಎಂದು ನೀವು ಕಾಲು ಚಾಚಿ ಮಲಗುತ್ತೀರಿ. ಊರಿನ ನಡುವೆ ಒಂದು ಹೊಳೆ ಇತ್ತು ಎಂದಷ್ಟೇ ತಿಳಿದರೆ ಸಾಕು. ಈಚೆ ದಡದವರು ಕಣ್ಣು ತೆರೆದು ಪ್ರಾರ್ಥಿಸುತ್ತಿದ್ದರು, ಆಚೆ ದಡದವರು ಕಣ್ಣು ಮುಚ್ಚಿ. ದೇವರು ಒಬ್ಬನೇ, ಹೊಳೆಯ ನಡುವಿನ ಬಂಡೆ. ಬೆಳಗಾದರೆ ಈಚೆಯವರು ನೀರಿಗಿಳಿದು ಬಂಡೆಯನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದರು. ಆಚೆಯವರು ನೀರಿಗಿಳಿದು, ಅದೇ ಬಂಡೆಯ ಕಡೆ ಮುಖ ಮಾಡಿ, ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದರು. ಬಂಡೆ ಇಬ್ಬರನ್ನೂ ಏನೂ ಕೇಳುತ್ತಿರಲಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಹಿಂದೊಮ್ಮೆ ಹೆಣಗಳು ಬಿದ್ದಿದ್ದವು. ಎಷ್ಟು ಬಿದ್ದವೆಂದು ಯಾರಿಗೂ ಗೊತ್ತಿಲ್ಲ. ಉಳಿದವರೆಲ್ಲ ಒಂದೇ ಚಾಪೆಯ ಮೇಲೆ ಕೂತರು ಎಂಬುದು ಮಾತ್ರ ಗೊತ್ತು. ಆ ಚಾಪೆಯ ಮೇಲೆ ಅವರು ಒಂದು ಕಟ್ಟಳೆ ಮಾಡಿದರು. ಕುಲುಮೆ ಆಚೆ ದಡದಲ್ಲಿರಲಿ, ಸಾಣೆಕಲ್ಲು ಈಚೆ ದಡದಲ್ಲಿರಲಿ. ಆಚೆ ಬಡಿದ ಕಬ್ಬಿಣ ಈಚೆ ಬಂದು ಹರಿತವಾಗಲಿ. ಕುಡಗೋಲಾಗಲಿ, ಈಳಿಗೆಯಾಗಲಿ, ಕ್ಷೌರದ ಕತ್ತಿಯಾಗಲಿ, ಹೊಳೆ ದಾಟದೆ ಯಾವುದೂ ಹರಿತವಾಗಬಾರದು.

ಇವೆಲ್ಲ ಚಿಕ್ಕ ಕಲ್ಲಿನ ಕೆಲಸ. ಮನುಷ್ಯರನ್ನು ಕಡಿಯುವ ಕತ್ತಿಗೆ ದೊಡ್ಡ ಕಲ್ಲು, ಅದಕ್ಕೆ ಬೇರೆಯೇ ಕಟ್ಟಳೆ. ಕಲ್ಲಿನ ಅಚ್ಚಿಗೆ ತೊಗಲಿನ ಪಟ್ಟಿ ಸುತ್ತಿರುತ್ತದೆ. ಕತ್ತಿಯ ಒಡೆಯನೇ ಪಟ್ಟಿಯ ಎರಡು ತುದಿ ಹಿಡಿದು, ಮಜ್ಜಿಗೆ ಕಡೆಯುವಂತೆ, ಒಂದು ಸಲ ಇತ್ತ ಒಂದು ಸಲ ಅತ್ತ ಎಳೆಯಬೇಕು. ಕಲ್ಲಿನೆದುರು ಕೂತ ಸಾಣೆಯವಳು ಅಲಗು ಹಿಡಿಯುತ್ತಾಳೆ. ಸಂಜೆಯಾದಾಗ ಅಲಗನ್ನು ತನ್ನ ಎಡಗೈ ಹೆಬ್ಬೆರಳ ಮೇಲೆ ಎಳೆದು ನೋಡುತ್ತಾಳೆ. ರಕ್ತ ಬಂದರೆ 'ಆತು' ಅನ್ನಬೇಕು. ಬರದಿದ್ದರೆ 'ಇನ್ನೂ ಇಲ್ಲ' ಅನ್ನಬೇಕು. ಸುಳ್ಳು ಹೇಳಬಾರದು. ಅಲಗು ಕಲ್ಲಿನ ಮೇಲಿರುವ ತನಕ ಅದರ ಒಡೆಯ ಸಾಣೆಯವಳ ಮನೆಯಲ್ಲೇ ಉಣ್ಣಬೇಕು, ಅವಳ ಕಟ್ಟೆಯ ಮೇಲೇ ಮಲಗಬೇಕು. ಅಷ್ಟು ದಿನ ಎರಡೂ ದಡದಲ್ಲಿ ಯಾರೂ ಯಾರನ್ನೂ ಕೊಲ್ಲಬಾರದು. 'ಆತು' ಅಂದಮೇಲೆ ಯಾರನ್ನೂ ತಡೆಯಬಾರದು. ಬಂದ ಅಲಗನ್ನು ಸಾಣೆಯವಳು ಒಲ್ಲೆ ಅಂದರೆ ಕಟ್ಟಳೆ ಅಂದೇ ಮುರಿಯಿತು, ಆಮೇಲೆ ದಡಕ್ಕೊಂದು ಕಲ್ಲು, ದಡಕ್ಕೊಂದು ಕುಲುಮೆ.

ಅಂದರೆ ಆ ಊರಿನಲ್ಲಿ ಯಾರನ್ನು ಕೊಲ್ಲಬೇಕೆಂದರೂ ಮೊದಲ ಹನಿ ರಕ್ತ ಸಾಣೆಯವಳದು. ಆ ಹಿರಿಯರು ಜಾಣರೋ ದಡ್ಡರೋ, ನನಗೆ ಇನ್ನೂ ಬಗೆಹರಿದಿಲ್ಲ. ಅಂತೂ ಎಷ್ಟೋ ತಲೆಮಾರು ಯಾರೂ ಕತ್ತಿ ತರಲಿಲ್ಲ. ದೊಡ್ಡ ಕಲ್ಲಿನ ಮೇಲೆ ಕೋಳಿಗಳು ಕೂರುತ್ತಿದ್ದವು.

ಆಮೇಲೆ ಗಟ್ಟಿದನಿಯವನು ಬಂದ. ಒಬ್ಬನಲ್ಲ, ದಡಕ್ಕೊಬ್ಬ. ಅಂಗಿಯ ಬಣ್ಣ ಬೇರೆ, ದನಿ ಒಂದೇ.

ಆಚೆಯವನು ಹೇಳಿದ: "ದೇವರನ್ನ ದಿಟ್ಟಿಸಿ ನೋಡತಾರ ಅವರು. ಪ್ಯಾಟ್ಯಾಗ ಎತ್ತು ನೋಡಿದಂಗ ನೋಡತಾರ. ಇಂಥಾ ನಾಚಿಕಿಗೇಡಿಗಳ ಕಣ್ಣು ಇರಬೇಕೇನು?"

ಈಚೆಯವನು ಹೇಳಿದ: "ದೇವರ ಮುಂದ ನಿದ್ದಿ ಹೊಡೀತಾರ ಅವರು. ಹಾಂಗ ಮುಚ್ಚಿದ ಕಣ್ಣು ಮತ್ತ್ಯಾಕ ತೆರೀಬೇಕು?"

ಮೊದಲು ಜನ ನಕ್ಕರು. ಬಟ್ಟೆ ಒಗೆಯುವ ಹೆಂಗಸರು ಅವರ ದನಿಯನ್ನು ಅಣಕಿಸಿ ಹೊಳೆ ತುಂಬ ನಗು ಹರಿಸಿದರು. ಆದರೆ ಅವರು ದಿನಾ ಹೇಳಿದರು, ಬೆಳಿಗ್ಗೆ ಹೇಳಿದರು, ಸಂಜೆ ಹೇಳಿದರು, ಮದುವೆಯಲ್ಲಿ ಹೇಳಿದರು, ಮಣ್ಣು ಕೊಡುವಲ್ಲಿ ಹೇಳಿದರು. ಮೂರನೆಯ ತಿಂಗಳಿಗೆ, ನಗುವವರನ್ನು ಜನ ತಿರುಗಿ ನೋಡತೊಡಗಿದರು. ನಾಲ್ಕನೆಯ ತಿಂಗಳಿಗೆ ನಗುವವರೇ ಇರಲಿಲ್ಲ. ಇದು ನನಗೆ ಈಗಲೂ ಸಿಟ್ಟು ತರಿಸುವ ಸಂಗತಿ. ಅಷ್ಟು ಚೆನ್ನಾಗಿ ಅಣಕಿಸಲು ಬರುತ್ತಿದ್ದ ಹೆಂಗಸರು ಸುಮ್ಮನಾಗಬಾರದಿತ್ತು.

ಐದನೆಯ ತಿಂಗಳಲ್ಲಿ, ಆಚೆ ದಡದ ಕಮ್ಮಾರನ ತಮ್ಮ ಹೊಳೆಯಲ್ಲಿ ಮುಳುಗಿ ಸತ್ತ. ಕುಲುಮೆಗೆ ಗಾಳಿ ಊದುವ ತಿದಿ ಒತ್ತುತ್ತಿದ್ದವನು, ಕುಡಗೋಲುಗಳನ್ನು ಸಾಣೆಗೆಂದು ಈಚೆ ದಡಕ್ಕೆ ತರುತ್ತಿದ್ದವನು ಅವನೇ. ಹೊಳೆ ದಾಟಿಸಲು ಊರಿಗೆಲ್ಲ ಒಂದೇ ಹರಿಗೋಲು, ಒಬ್ಬನೇ ಅಂಬಿಗ. ಅಂದು ಹರಿಗೋಲಿನಲ್ಲಿದ್ದವರು ಇಬ್ಬರೇ, ದಡಕ್ಕೆ ಬಂದವನು ಅಂಬಿಗನೊಬ್ಬನೇ. ಜಾರಿ ಬಿದ್ದನೋ ಯಾರಾದರೂ ತಳ್ಳಿದರೋ, ಹೊಳೆಗೆ ಮಾತ್ರ ಗೊತ್ತು. ಆದರೆ ಆಚೆ ದಡದ ಗಟ್ಟಿದನಿಯವನು ತನಗೆ ಗೊತ್ತು ಎಂದ. ಅಂಬಿಗ ಈಚೆ ದಡದವನು. ಸಾಣೆಯವಳ ಒಬ್ಬನೇ ಮಗ.

ಏಳು ದಿನ ಆಚೆ ದಡದ ಕುಲುಮೆ ಉರಿಯಿತು. ತಿದಿ ಒತ್ತಲು ತಮ್ಮನಿಲ್ಲ. ಗಟ್ಟಿದನಿಯವನ ಜನ ಸರದಿಯ ಮೇಲೆ ಬಂದು ಒತ್ತಿದರು. ಇಡೀ ದಡ ಊದಿದ ಬೆಂಕಿಯಲ್ಲಿ ಕಮ್ಮಾರ ಒಂದು ಕತ್ತಿ ಬಡಿದ. ತನ್ನ ಆಯುಷ್ಯದಲ್ಲಿ ಅವನು ಬಡಿದ ಮೊದಲ ಕತ್ತಿ ಅದು. ಎಂಟನೆಯ ದಿನ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ದಡಕ್ಕೆ ಬಂದ. ಹರಿಗೋಲು ಒಂದೇ ಎಂದೆನಲ್ಲ. ಅಂಬಿಗ ಅವನನ್ನು ಹತ್ತಿಸಿಕೊಂಡ. ಕೊಲ್ಲಬೇಕೆಂದವನೂ ಸಾಯಬೇಕಾದವನೂ ಎದುರುಬದುರು ಕೂತು, ಒಬ್ಬರ ಮುಖ ಒಬ್ಬರು ನೋಡದೆ, ಹೊಳೆ ದಾಟಿದರು.

ಸಾಣೆಯವಳು ಅಂಗಳದಲ್ಲಿ ಒಂದು ಈಳಿಗೆಗೆ ಸಾಣೆ ಹಿಡಿಯುತ್ತಿದ್ದಳು. ಗಂಡ ಸತ್ತ ಮೇಲೆ ಮೂವತ್ತು ವರ್ಷದಿಂದ ಅದೇ ಕೆಲಸ. ಕಮ್ಮಾರ ಬಟ್ಟೆ ಬಿಚ್ಚಿ ಕತ್ತಿಯನ್ನು ಅವಳ ಮುಂದೆ ಇಟ್ಟ.

"ಯವ್ವಾ, ಕತ್ತಿ ತಂದೀನಿ."

"ಯಾರ ಸಲುವಾಗಿ?"

ಕಟ್ಟಳೆಯ ಪ್ರಕಾರ ಇದನ್ನು ಕೇಳಲೇಬೇಕಿತ್ತು. ಇದಕ್ಕೂ ನಿಜವನ್ನೇ ಹೇಳಬೇಕಿತ್ತು.

"ನಿನ್ನ ಮಗನ ಸಲುವಾಗಿ."

ಆಚೆ ದಡದಲ್ಲಿ ಜನ ಕಿಕ್ಕಿರಿದು ನಿಂತಿದ್ದರು. ನೀರಿನ ಮೇಲೆ ಹಾದು ಗಟ್ಟಿದನಿ ಬಂತು: "ಒಲ್ಲೆ ಅನ್ನಬೇ! ಹೆತ್ತ ಹೊಟ್ಟಿ ಐತಿ, ಒಲ್ಲೆ ಅನ್ನು!" ಈಚೆ ದಡದ ಗಟ್ಟಿದನಿಯವನೂ ತನ್ನ ಜನರೊಡನೆ ಬೇಲಿಯಾಚೆ ಬಂದು ನಿಂತು ಅದನ್ನೇ ಹೇಳಿದ: "ಒಲ್ಲೆ ಅನ್ನು, ನಮ್ಮವ್ವಾ!" ಅಷ್ಟು ತಿಂಗಳಲ್ಲಿ ಇಬ್ಬರೂ ಒಂದೇ ಮಾತು ಹೇಳಿದ್ದು ಅಂದೇ. ಅವಳು ಒಲ್ಲೆ ಅಂದರೆ ಕಟ್ಟಳೆ ಮುರಿಯುತ್ತದೆ, ಎರಡೂ ದಡ ಬೇಕಾದಷ್ಟು ಕತ್ತಿ ಬಡಿದು ಬೇಕಾದಷ್ಟು ಹರಿತ ಮಾಡಿಕೊಳ್ಳಬಹುದು. ಆಗಲಿ ಅಂದರೆ ಮಗ ಸಾಯುತ್ತಾನೆ, ಅಂಬಿಗನ ಹೆಣದ ಮೇಲೆ ಈಚೆಯವರು ಎದ್ದೇಳುತ್ತಾರೆ. ಹೇಗೆ ಬಿದ್ದರೂ ಅವರದೇ ಗೆಲುವು.

ಅವಳು ಕತ್ತಿಯನ್ನು ನೋಡಿದಳು. ಹರಿಗೋಲನ್ನು ಗೂಟಕ್ಕೆ ಕಟ್ಟುತ್ತಿದ್ದ ಮಗನನ್ನು ನೋಡಿದಳು. ಆಮೇಲೆ ಎದ್ದು, ಹುಶ್ ಹುಶ್ ಎಂದು ದೊಡ್ಡ ಕಲ್ಲಿನ ಮೇಲಿನ ಕೋಳಿಗಳನ್ನು ಓಡಿಸಿದಳು.

"ಕೂಡು ತಮ್ಮಾ. ಉಂಡೀಯೇನು?"

ಕಮ್ಮಾರ ತಬ್ಬಿಬ್ಬಾದ. "ಇಲ್ಲ."

"ಉಂಡು ಸುರು ಮಾಡೋಣು. ಹಸದವರ ಕೈ ನಡಗತಾವ, ಅಲಗು ಹಾಳಾಗತೈತಿ."

ಹೀಗೆ ಕಲ್ಲು ತಿರುಗತೊಡಗಿತು.

ಸರ್ರ್ ಎಂದು ಇತ್ತ, ಸರ್ರ್ ಎಂದು ಅತ್ತ. ಕಲ್ಲಿನ ಮೇಲೆ ತೂಗುಹಾಕಿದ್ದ ತೂತಿನ ಗಡಿಗೆಯಿಂದ ಹೊಳೆಯ ನೀರು ಹನಿ ಹನಿ ಬೀಳುತ್ತಿತ್ತು. ಬೆಳಿಗ್ಗೆಯಿಂದ ಸಂಜೆಯ ತನಕ ಕಮ್ಮಾರ ಪಟ್ಟಿ ಎಳೆದ, ಸಾಣೆಯವಳು ಅಲಗು ಹಿಡಿದಳು. ಹೊತ್ತು ಮುಳುಗುವಾಗ ಎರಡೂ ದಡದಿಂದ ಕೂಗು ಬಂತು: "ಆತೇನೂ?"

ಅವಳು ಕತ್ತಿಯನ್ನು ಹೆಬ್ಬೆರಳ ಮೇಲೆ ಎಳೆದಳು. ಎಲ್ಲರೂ ಉಸಿರು ಹಿಡಿದರು. ರಕ್ತ ಬರಲಿಲ್ಲ.

"ಇನ್ನೂ ಇಲ್ಲ."

ಇದರಲ್ಲಿ ಮಂತ್ರವಿಲ್ಲ, ಮೋಸವೂ ಇಲ್ಲ. ಮೂವತ್ತು ವರ್ಷ ಸಾಣೆ ಹಿಡಿದ ಹೆಬ್ಬೆರಳು ಚಪ್ಪಲಿಯ ಅಟ್ಟೆಯಂತಾಗಿತ್ತು. ಅದರ ಮೇಲೆ ಕೆಂಡ ಇಟ್ಟರೂ ಅವಳಿಗೆ ತಿಳಿಯುತ್ತಿರಲಿಲ್ಲ. ಕಟ್ಟಳೆ ಮಾಡಿದ ಹಿರಿಯರು ಇದನ್ನು ಯೋಚಿಸಿರಲಿಲ್ಲ ಎಂದು ಕೆಲವರು ಅನ್ನುತ್ತಾರೆ. ಯೋಚಿಸಿಯೇ ಮಾಡಿದ್ದರು ಎಂದು ನನಗೆ ಒಂದೊಂದು ಸಲ ಅನ್ನಿಸುತ್ತದೆ.

ಎರಡನೆಯ ದಿನ. "ಆತೇನೂ?" "ಇನ್ನೂ ಇಲ್ಲ."

ಮೂರನೆಯ ದಿನ. "ಆತೇನೂ?" "ಇನ್ನೂ ಇಲ್ಲ."

ಕಮ್ಮಾರ ಹಲ್ಲು ಕಚ್ಚಿ ಎಳೆಯುತ್ತಿದ್ದ. ಅವಳು ಬಡಿಸಿದ ರೊಟ್ಟಿಯನ್ನು ಕಣ್ಣು ಮುಚ್ಚಿ ಪ್ರಾರ್ಥಿಸಿ ಉಣ್ಣುತ್ತಿದ್ದ. ಒಂದು ದಿನ ಪ್ರಾರ್ಥನೆ ಮುಗಿಸಿ ಕಣ್ಣು ತೆರೆದಾಗ ತಟ್ಟೆಯಲ್ಲಿ ಒಂದು ರೊಟ್ಟಿ ಜಾಸ್ತಿ ಇತ್ತು.

"ಕಣ್ಣು ಮುಚ್ಚಿದವರಿಗೆ ಬಡಸೂದು ಹಗರ ನೋಡು," ಎಂದಳು ಅವಳು. "ಬ್ಯಾಡ ಬ್ಯಾಡ ಅನ್ನಾಕ ಬರಂಗಿಲ್ಲ."

ಅವನಿಗೆ ನಗು ಬಂತು. ಬಂದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದು, ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದುಹೋದ. ತಮ್ಮ ಸತ್ತು ತಿಂಗಳಾಗಿಲ್ಲ, ಕೊಂದವನ ತಾಯಿ ನಗಿಸುತ್ತಾಳೆ. ಅಂದು ಸಂಜೆಯ ತನಕ ಅವನು ಎಷ್ಟು ಜೋರಾಗಿ ಎಳೆದನೆಂದರೆ ಕಲ್ಲಿನಿಂದ ಕಿಡಿ ಹಾರಿದವು.

ನಾಲ್ಕನೆಯ ದಿನ. ಐದನೆಯ ದಿನ. "ಆತೇನೂ?" "ಇನ್ನೂ ಇಲ್ಲ."

ಮಗನಿಗೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಹರಿಗೋಲು ಬಿಚ್ಚುತ್ತಿದ್ದ, ಕಟ್ಟುತ್ತಿದ್ದ. ಓಡಿಹೋಗೆಂದು ಗೆಳೆಯರು ಹೇಳಿದರೂ ಹೋಗಲಿಲ್ಲ. ಆರನೆಯ ದಿನ ಬೆಳಿಗ್ಗೆ ನೀರು ಸೇದುತ್ತಿದ್ದ ತಾಯಿಯ ಹಿಂದೆ ಬಂದು ನಿಂತ.

"ಯವ್ವಾ, ನನಗ ಹಿಡಿಯೋ ಕತ್ತಿಗೆ ನೀನ ಸಾಣಿ ಹಿಡೀತಿ. ಅವಂಗ ತುಪ್ಪ ಹಾಕಿ ಬಡಸತಿ. ನಾ ಏನಾಗಬೇಕು ನಿನಗ?"

ಅವಳು ಕೊಡ ಕೆಳಗಿಟ್ಟಳು. "ನೀ ಅವನ್ನ ತಳ್ಳಿದೇನು?"

"ತಳ್ಳಿಲ್ಲ."

"ಮತ್ತ ಯಾಕ ಅವನ ಅಣ್ಣನ ಮಾರಿ ನೋಡವೊಲ್ಲಿ?"

ಮಗ ಮುಖ ತಿರುಗಿಸಿ ಹರಿಗೋಲಿನ ಕಡೆ ನಡೆದುಬಿಟ್ಟ. ಮಗ ನಿರಪರಾಧಿ ಎಂಬ ಒಂದು ಗೂಟವನ್ನು ಹಿಡಿದು ಅವಳು ಅಷ್ಟು ದಿನ ನಿಂತಿದ್ದಳು, ಅದು ಈಗ ಕೈಗೆ ಕಿತ್ತುಬಂತು. ಮಗ ಕೆಟ್ಟವನಾದರೂ ಮಗನೇ. ಅವಳು ಕೊಡ ಎತ್ತಿಕೊಂಡು ಹೋಗಿ ಗಡಿಗೆಗೆ ನೀರು ತುಂಬಿ, ಕಲ್ಲಿನ ಮುಂದೆ ಕೂತಳು. ಅಂದು ಸಂಜೆ ಅಲಗನ್ನು ಎಳೆದಾಗ ಹೆಬ್ಬೆರಳಿಗೆ ತಣ್ಣಗೆ ಏನೋ ತಾಗಿತು. ಎಷ್ಟೋ ವರ್ಷಗಳಿಂದ ಆ ಬೆರಳಿಗೆ ಏನೂ ತಾಗಿರಲಿಲ್ಲ. ನೀರಿನಲ್ಲಿ ನೆಂದು ನೆಂದು, ಕಲ್ಲಿಗೆ ಸವೆದು ಸವೆದು, ಗಟ್ಟಿ ಚರ್ಮ ತೆಳುವಾಗುತ್ತಿತ್ತು. ರಕ್ತ ಬರಲಿಲ್ಲ, ಆದರೆ ಅವಳಿಗೆ ಹೆದರಿಕೆಯಾಯಿತು. ಬೂದಿ ಹಚ್ಚಿ ಒಣಗಿಸಿದರೆ ಇನ್ನೂ ಕೆಲವು ದಿನ ತಳ್ಳಬಹುದೇನೋ ಎಂದು ಒಲೆಯ ಮುಂದೆ ಹೋಗಿ ಕೂತಳು, ಬೂದಿಯನ್ನು ಮುಷ್ಟಿಯಲ್ಲಿ ಹಿಡಿದಳು, ಚೆಲ್ಲಿದಳು. ಬೆರಳಿಗೆ ಬೂದಿ ಹಚ್ಚಿ ಹೇಳಿದ 'ಇನ್ನೂ ಇಲ್ಲ' ಮೊದಲಿನಂಥ ಮಾತಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅಂಗಳಕ್ಕೆ ಮರಳಿ, "ಇನ್ನೂ ಇಲ್ಲ," ಎಂದಳು. ಅದು ಅಂದಿಗೆ ನಿಜವೇ ಆಗಿತ್ತು.

ಎಂಟನೆಯ ದಿನ ಈಚೆ ದಡದವರ ತಾಳ್ಮೆ ಮುಗಿಯಿತು. ಗಟ್ಟಿದನಿಯವನು ಜನರನ್ನು ಕರೆದುಕೊಂಡು ಬೇಲಿ ದಾಟಿ ಅಂಗಳಕ್ಕೇ ಬಂದ.

"ಅವ ಒಬ್ಬನ ಅದಾನ, ನಾವು ಇಷ್ಟ ಮಂದಿ ಅದೀವಿ. ನಿನ್ನ ಮಗನ್ನ ಕೊಲ್ಲಾಕ ಬಂದವಂಗ ಎಷ್ಟು ದಿನ ಕೂಳು ಹಾಕತಿ? ಸರಿ ಆಕಡಿ!"

ಅವಳು ಎದ್ದು ಕಮ್ಮಾರನ ಮುಂದೆ ನಿಂತಳು. ಕೈಯಲ್ಲಿ ಕತ್ತಿ ಇತ್ತು. ಅದನ್ನು ನೋಡಿ, ಎತ್ತಿಬಿಟ್ಟೇನೆಂಬ ಭಯದಿಂದ, ಕೆಳಗಿಟ್ಟಳು.

"ಇವ ನನ್ನ ಮನ್ಯಾಗ ಉಂಡಾನ. ಮುಟ್ಟಬೇಕಂದ್ರ ಮೊದಲ ನನ್ನ ಮುಟ್ರಿ."

"ವೈರಿ ಮ್ಯಾಲ ಇದ ಏನು ನಿನ್ನ ಪ್ರೀತಿ?" ಎಂದು ಯಾರೋ ಗುಂಪಿನಿಂದ ಕೂಗಿದರು. "ಪ್ರೀತಿಲೆ ಯುದ್ಧ ನಿಲ್ಲತಾವೇನು?"

"ನನಗ ಗೊತ್ತಿಲ್ಲ. ನನಗ ಸಾಣಿ ಹಿಡಿಯೂದಷ್ಟ ಗೊತ್ತು. ಕೆಲಸ ಕೆಡಿಸಬ್ಯಾಡ್ರಿ."

ಜನ ಹಿಂದೆ ಸರಿದರು. ಆದರೆ ಹಿಂದೆ ಸರಿಯುವ ಗುಂಪಿನಿಂದಲೇ ಒಂದು ಕಲ್ಲು ಬಂತು. ಅವಳ ತಲೆಯ ಮೇಲಿಂದ ಹಾದು ಕಮ್ಮಾರನ ಬಲ ಭುಜಕ್ಕೆ ಬಿತ್ತು. ಕಲ್ಲು ಯಾರು ಎಸೆದರೆಂದು ಕೇಳಿದರೆ ಇವತ್ತಿಗೂ ಇಡೀ ಊರು ಇನ್ನೊಬ್ಬರ ಕಡೆ ಕೈ ತೋರಿಸುತ್ತದೆ. ಅವಳು ಅರಿಶಿನ ಕಲಸಿ ಬಿಸಿ ಮಾಡಿ ಹಚ್ಚಿದಳು, ತನ್ನ ಹಳೇ ಸೀರೆ ಹರಿದು ಕಟ್ಟಿದಳು. ಕಮ್ಮಾರ ಎಡಗೈಯಲ್ಲಿ ಕಣ್ಣೊರೆಸಿಕೊಂಡ. ನೋವಿಗೋ, ಬೇರೆ ಯಾವುದಕ್ಕೋ.

ಒಂಬತ್ತನೆಯ ದಿನದ ಸಂಗತಿ ಹೇಳುವಾಗ ನನಗೆ ಈಗಲೂ ಒಂದೆಡೆ ಕೂರಲು ಆಗುವುದಿಲ್ಲ.

ಬೆಳಿಗ್ಗೆ ಕಮ್ಮಾರ ಪಟ್ಟಿ ಹಿಡಿದ. ಎಡದ ತುದಿ ಎಳೆದ, ಬಲದ ತುದಿ ಎಳೆಯಲು ಕೈ ಏಳಲಿಲ್ಲ. ಮತ್ತೆ ಎಳೆದ, ಮತ್ತೆ ಏಳಲಿಲ್ಲ. ಕಲ್ಲು ನಿಂತಿತು. ಎರಡೂ ದಡದಲ್ಲಿ ಗುಜುಗುಜು ಎದ್ದಿತು: ಕಲ್ಲು ನಿಂತಿತು, ಕಲ್ಲು ನಿಂತಿತು. ಕಲ್ಲು ನಿಂತರೆ ಮುಂದೇನೆಂದು ಕಟ್ಟಳೆಯಲ್ಲಿ ಹೇಳಿರಲಿಲ್ಲ. ಹೇಳಿಲ್ಲದ ಕಡೆ ಗಟ್ಟಿದನಿಯವರಿಗೆ ಹಬ್ಬ. ಆಚೆ ದಡದಲ್ಲಿ ಕುಲುಮೆಯ ಹೊಗೆ ಏಳತೊಡಗಿತು.

ಆಗ ಅಂಬಿಗ ಗೂಟದ ಬಳಿಯಿಂದ ಎದ್ದು ಬಂದ. ಯಾರನ್ನೂ ಕೇಳದೆ ಕಮ್ಮಾರನ ಎದುರಿಗೆ ಕೂತು, ಪಟ್ಟಿಯ ಬಲ ತುದಿ ಹಿಡಿದ.

ಅಷ್ಟು ದಿನದಲ್ಲಿ ಕಮ್ಮಾರ ಅವನ ಮುಖವನ್ನು ಮೊದಲ ಸಲ ನೋಡಿದ. "ಇದು ನಿನ್ನ ಸಲುವಾಗಿ ಬಡದ ಕತ್ತಿ, ಗೊತ್ತೈತಿಲ್ಲೋ?"

"ಗೊತ್ತೈತಿ. ಎಳಿ."

ಕಲ್ಲು ಮತ್ತೆ ತಿರುಗಿತು. ಕಮ್ಮಾರ ಎಳೆದ, ಸರ್ರ್. ಅಂಬಿಗ ಎಳೆದ, ಸರ್ರ್. ನಡುವೆ ಕೂತ ತಾಯಿ ಅಲಗು ಹಿಡಿದಿದ್ದಳು. ಹೊತ್ತು ಏರಿತು, ಹೊತ್ತು ನೆತ್ತಿಗೆ ಬಂತು, ಹೊತ್ತು ಇಳಿಯಿತು. ಒಂಬತ್ತು ದಿನದಲ್ಲಿ ಕತ್ತಿ ಸವೆದು ಎರಡು ಬೆರಳಗಲವಾಗಿತ್ತು. ಇಳಿಹೊತ್ತಿನಲ್ಲಿ, ಎಳೆಯುವುದನ್ನು ನಿಲ್ಲಿಸದೆ, ಅಂಬಿಗ ಮಾತಾಡಿದ.

"ಹೊಳಿ ನಡುವ ದೇವರ ಬಂಡಿ ಹತ್ರ ನಿನ್ನ ತಮ್ಮ ಕಣ್ಣು ಮುಚ್ಚಿ ಎದ್ದು ನಿಂತ. ನಿದ್ದಿ ಹತ್ತಿತೇನೋ ಅಂದೆ. ಮೊದಲ ಹಾಂಗ ಅಂತಿದ್ದಿಲ್ಲ. ಆ ಗಟ್ಟಿದನಿ ಕೇಳಿ ಕೇಳಿ ಬಾಯಿಗೆ ಬಂದಿತ್ತು. ಅವಂಗ ಸಿಟ್ಟು ಬಂತು, ತಿರುಗಿದ, ಹರಗೋಲು ವಾಲಿತು, ಬಿದ್ದ."

ಕಮ್ಮಾರ ಎಳೆದ. ಸರ್ರ್.

"ಹುಟ್ಟು ಚಾಚಿದೆ. ಹಿಡಕೊಂಡ. ಕಣ್ಣು ತೆರದು ನನ್ನ ನೋಡಿದ." ಅಂಬಿಗ ಎಳೆದ, ಸರ್ರ್. "ಆಗ ಮತ್ತ ಆ ದನಿ ಕಿವ್ಯಾಗ ಬಂತು. ಹುಟ್ಟು ಹಿಂದಕ ಎಳಕೊಂಡೆ. ಒಂದ ಗಳಿಗಿ. ಒಂದ ಗಳಿಗಿ ಅಷ್ಟ. ಮತ್ತ ಚಾಚಿದೆ. ಆಗ ಬರೇ ನೀರು ಇತ್ತು."

ಕಮ್ಮಾರನ ಕೈ ನಿಂತಿತು. ಕಲ್ಲು ತನ್ನಷ್ಟಕ್ಕೆ ಒಂದು ಸುತ್ತು ತಿರುಗಿ ನಿಂತಿತು. ಅದೇ ಹೊತ್ತಿಗೆ ಬಿಸಿಲು ದಡದಿಂದ ಜಾರಿತು, ಎರಡೂ ಕಡೆಯಿಂದ ಕೂಗು ಬಂತು: "ಆತೇನೂ?"

ಸಾಣೆಯವಳು ಅಲಗನ್ನು ಹೆಬ್ಬೆರಳ ಮೇಲೆ ಎಳೆದಳು. ಒಂದು ಕೆಂಪು ಗೆರೆ ಮೂಡಿತು. ಗೆರೆ ಹನಿಯಾಯಿತು, ಹನಿ ಕಲ್ಲಿನ ಮೇಲೆ ಬಿತ್ತು.

ಮುಷ್ಟಿ ಕಟ್ಟಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಬೆರಳನ್ನು ಸೆರಗಿನಲ್ಲಿ ಒರೆಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮಗ ತಲೆ ತಗ್ಗಿಸಿ ಕೂತಿದ್ದ, ಅವನ ಕುತ್ತಿಗೆಯ ಹಿಂದೆ ಚಿಕ್ಕಂದಿನಿಂದ ಇದ್ದ ಮಚ್ಚೆ ಕಾಣುತ್ತಿತ್ತು. ಅವಳು ಅದನ್ನು ನೋಡಿದಳು. ಕಮ್ಮಾರನ ಭುಜಕ್ಕೆ ಕಟ್ಟಿದ ತನ್ನ ಸೀರೆಯ ಚೂರನ್ನು ನೋಡಿದಳು. ಈ ಗಳಿಗೆಯಲ್ಲಿ ಇವನಿಗೆ ಸುಳ್ಳು ಹೇಳಿದರೆ, ತನ್ನ ಮಗ ಹುಟ್ಟು ಹಿಂದಕ್ಕೆ ಎಳೆದುಕೊಂಡ ಹಾಗೆ ತಾನೂ ಎಳೆದುಕೊಂಡಂತೆ ಎಂದು ಅವಳಿಗೆ ಅನ್ನಿಸಿತು.

"ಆತು," ಎಂದಳು. ಅವಳ ದನಿ ಅಂಗಳ ದಾಟಿ ಹೋಗಲಿಲ್ಲ. ಕತ್ತಿಯನ್ನು ಎರಡೂ ಕೈಯಲ್ಲಿ ಕಮ್ಮಾರನಿಗೆ ಕೊಟ್ಟಳು.

ಕಮ್ಮಾರ ಎದ್ದು ನಿಂತ. ಅಂಬಿಗ ಓಡಲಿಲ್ಲ, ಪಟ್ಟಿಯ ತುದಿಯನ್ನೂ ಬಿಡಲಿಲ್ಲ. ಕಮ್ಮಾರ ಎಡಗೈಯಲ್ಲಿ ಕತ್ತಿಯನ್ನು ಎತ್ತಿದ, ತಾಯಿ ಈಚೆ ದಡದವರ ಹಾಗೆ ಕಣ್ಣು ತೆರೆದೇ ನೋಡುತ್ತಿದ್ದಳು, ಅವನು ತನ್ನ ದಡದವರ ಹಾಗೆ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನೊಳಗೆ ಅವನು ಏನು ನೋಡಿದನೋ ನನಗೆ ಗೊತ್ತಿಲ್ಲ. ತಮ್ಮನನ್ನೇ ನೋಡಿರಬೇಕು. ಆಮೇಲೆ ಕಣ್ಣು ತೆರೆದ.

ಕತ್ತಿ ಇಳಿಯಿತು. ದೊಡ್ಡ ಕಲ್ಲಿನ ಅಂಚಿನ ಮೇಲೆ ಖಣ್ ಎಂದು ಬಿತ್ತು. ಮತ್ತೆ ಎತ್ತಿದ, ಮತ್ತೆ ಬಡಿದ. ಕುಲುಮೆಯಲ್ಲಿ ಕಬ್ಬಿಣ ಬಡಿದಂತೆ ಬಡಿ ಬಡಿದು, ಅಲಗಿನ ಹರಿತವನ್ನೆಲ್ಲ ಮೊಂಡು ಮಾಡಿದ. ಒಂಬತ್ತು ದಿನದ ಕೆಲಸ ಒಂಬತ್ತು ಏಟಿನಲ್ಲಿ ಹೋಯಿತು. ಏದುಸಿರು ಬಿಡುತ್ತ ಹೊಳೆಯ ಕಡೆ ತಿರುಗಿ, ಅಷ್ಟು ದಿನ ದನಿ ಎತ್ತದವನು ಇಡೀ ಊರಿಗೆ ಕೇಳುವಂತೆ ಕೂಗಿದ:

"ಇನ್ನೂ ಇಲ್ಲ!"

ಅದು ಸುಳ್ಳಾಗಿರಲಿಲ್ಲ. ಸಾಣೆಯವಳು ಬೇಕಿದ್ದರೆ ಬೆರಳ ಮೇಲೆ ಎಳೆದು ನೋಡಬಹುದಿತ್ತು. ಅವನು ಮೊಂಡ ಕತ್ತಿಯನ್ನು ಅವಳ ಕೈಗೆ ಕೊಟ್ಟು, ಕೂತು, ಪಟ್ಟಿಯ ಎಡ ತುದಿ ಹಿಡಿದ. ಎದುರಿಗೆ ಅಂಬಿಗ ಅಳುತ್ತಿದ್ದ.

"ನಿನ್ನ ನಾ ಕ್ಷಮಿಸಿಲ್ಲ," ಎಂದ ಕಮ್ಮಾರ. "ಎಳಿ."

ಇಷ್ಟೂ ನಾನು ಕೇಳಿದ್ದು. ಮುಂದಿನದು ನೋಡಿದ್ದು. ಎಷ್ಟು ವರ್ಷಗಳ ಮೇಲೆಂದು ಕೇಳಬೇಡಿ, ಆ ಊರಿನಲ್ಲಿ ವರ್ಷ ಎಣಿಸುವವರಿಲ್ಲ. ಒಂದು ಮೊಂಡು ಚಾಕು ಹಿಡಿದುಕೊಂಡು ಹೋಗಿದ್ದೆ. ಹೊಳೆಯ ದಾರಿಯಲ್ಲೇ ಆ ಸದ್ದು ಕೇಳಿತು. ಇತ್ತ ಸರ್ರ್, ಅತ್ತ ಸರ್ರ್.

ಮೂವರೂ ಅಲ್ಲೇ ಇದ್ದರು. ಅವಳ ತಲೆ ಪೂರ್ತಿ ಬೆಳ್ಳಗಾಗಿತ್ತು, ಅವರಿಬ್ಬರದು ಅರ್ಧ. ಕತ್ತಿ ತೆಂಗಿನ ಗರಿಯ ಕಡ್ಡಿಯಷ್ಟಾಗಿತ್ತು. ಕಲ್ಲೂ ಸವೆದು ರೊಟ್ಟಿಯಷ್ಟಾಗಿತ್ತು. ಹರಿತವಾದ ಸಂಜೆ ಕಮ್ಮಾರ ಅದನ್ನು ಮೊಂಡು ಮಾಡುತ್ತಾನೆ, ಬೆಳಿಗ್ಗೆ ಮತ್ತೆ ಎಳೆಯುತ್ತಾರೆ. ಹಳೆಯ ಗಟ್ಟಿದನಿಯವರು ಸತ್ತಿದ್ದರು, ಹೊಸಬರು ಬಂದಿದ್ದರು. ಸಂಜೆ ದಡಕ್ಕೆ ಬಂದು ಕೂಗುವವರು ಕೆಲವು ದಿನ ಹತ್ತು ಜನ, ಕೆಲವು ದಿನ ಸಾವಿರ ಜನ. ನಾನು ಹೋದ ದಿನ ಸಾವಿರದ ಕಡೆಗೇ ಇತ್ತು.

ನನಗೆ ಸಮಾಧಾನವಿರಲಿಲ್ಲ. ಈ ಕಡ್ಡಿಯೂ ಸವೆದುಹೋದ ದಿನ ಏನು ಮಾಡುತ್ತಾರೆ? ಕಲ್ಲು ಮೊದಲು ಸವೆದರೆ? ಸಾಣೆಯವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಎಲ್ಲರೂ ಕೇಳುವುದನ್ನೇ ನಾನೂ ಕೇಳಿದೆ: "ಹಿಂಗ ಪ್ರೀತಿಲೆ, ತಾಳ್ಮಿಲೆ ಯುದ್ಧ ನಿಲ್ಲತಾವೇನಬೇ?"

ಅವಳು ನನ್ನ ಚಾಕನ್ನು ತಿರುಗಿಸಿ ನೋಡುತ್ತ, "ಯಾಂವ ಬಲ್ಲ, ಯಪ್ಪಾ," ಎಂದಳು. "ಇವತ್ತಂತೂ ಬಂದಿಲ್ಲ."

ಆ ಉತ್ತರ ನನಗೆ ಸಾಲಲಿಲ್ಲ. ಕಮ್ಮಾರನ ಕಡೆ ಬಗ್ಗಿ, ಎದುರಿಗೆ ಕೂತವನಿಗೆ ಕೇಳದಂತೆ ಮೆಲ್ಲಗೆ ಕೇಳಿದೆ: "ಅವನ್ನ ಕ್ಷಮಿಸೀರೇನು?"

ಕಮ್ಮಾರ ಎಳೆಯುವುದನ್ನು ನಿಲ್ಲಿಸಲಿಲ್ಲ.

"ಇನ್ನೂ ಇಲ್ಲ," ಎಂದ.

ಹೊತ್ತು ನೆತ್ತಿ ದಾಟಿತ್ತು. ಕಮ್ಮಾರ ಒಮ್ಮೆ ಬಿಸಿಲು ನೋಡಿದ, ಒಮ್ಮೆ ನನ್ನ ಖಾಲಿ ಕೈ ನೋಡಿದ.

"ಸುಮ್ಮ ಕುಂತೀರಿ, ಆ ತುದಿ ಸ್ವಲ್ಪ ಹಿಡೀರಿ. ಮುಂಜಾನಿಂದ ಅವ ಏನೂ ಉಂಡಿಲ್ಲ."

ನಾನು ಅಂಬಿಗನ ಜಾಗದಲ್ಲಿ ಕೂತು ಪಟ್ಟಿ ಹಿಡಿದೆ. ಅದು ಇಬ್ಬರ ಬೆವರಿಗೆ ಕಪ್ಪಾಗಿತ್ತು, ನಾನೆಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಅಂಬಿಗ ಎದ್ದು ಕೈ ತೊಳೆದು ರೊಟ್ಟಿಯ ಮುಂದೆ ಕೂತ. ಕಮ್ಮಾರ ಅತ್ತ ತಿರುಗಿಯೂ ನೋಡದೆ, ಎಳೆಯುತ್ತಲೇ, "ಯವ್ವಾ, ಅವಂಗ ರೊಟ್ಟಿಗೆ ಒಂದೀಟು ಶೇಂಗಾ ಹಿಂಡಿ ಹಾಕು," ಎಂದ.